ಸದಸ್ಯ ಶಿಕ್ಷಣ ಪಾಠ: ಸ್ಟೂಡಿಬೇಕರ್ ಕಾರು ಕಂಪನಿಯ ಏಳುಬೀಳು



ಸಂಘದ ವಾರ್ಷಿಕ ಮಹಾಸಭೆ ಬಂತೆಂದರೆ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ. "ಲಾಭ ಬಂದಿದೆಯಲ್ಲ, ಡಿವಿಡೆಂಡು ಏಕೆ ಹೆಚ್ಚಿಸಬಾರದು? ಮೀಸಲು ನಿಧಿಗೆ ಇಷ್ಟೊಂದು ಏಕೆ?" ಪ್ರಶ್ನೆ ನ್ಯಾಯವಾದದ್ದೇ. ಇದಕ್ಕೆ ಉತ್ತರವನ್ನು ಲೆಕ್ಕಪತ್ರದಿಂದ ಹೇಳುವ ಬದಲು, ಅಮೆರಿಕದ ಹಳೆಯ ಕಾರು ಕಂಪನಿಯೊಂದರ ಕಥೆಯಿಂದ ಹೇಳಬಯಸುತ್ತೇವೆ.

ಕುಲುಮೆಯಿಂದ ಕಾರಿಗೆ

1852ರಲ್ಲಿ ಇಂಡಿಯಾನಾ ಸಂಸ್ಥಾನದ ಸೌತ್ ಬೆಂಡ್ ಎಂಬ ಊರಿನಲ್ಲಿ ಹೆನ್ರಿ ಮತ್ತು ಕ್ಲೆಮೆಂಟ್ ಸ್ಟೂಡಿಬೇಕರ್ ಎಂಬ ಅಣ್ಣತಮ್ಮಂದಿರು ಒಂದು ಕುಲುಮೆ ತೆರೆದರು. ಅವರ ಬಂಡವಾಳ 68 ಡಾಲರ್ ಮಾತ್ರ. ಇನ್ನೊಬ್ಬ ತಮ್ಮ ಜಾನ್, ಚಿನ್ನದ ಆಸೆಯಿಂದ ಜನ ಮುಗಿಬಿದ್ದಿದ್ದ ಕ್ಯಾಲಿಫೋರ್ನಿಯಾಕ್ಕೆ ಹೋದ. ಅಲ್ಲಿ ಅವನು ಚಿನ್ನ ಅಗೆಯಲಿಲ್ಲ. ಅಗೆಯುವವರಿಗೆ ಬೇಕಾದ ಒಂಟಿ ಗಾಲಿಯ ತಳ್ಳುಗಾಡಿಗಳನ್ನು ಮಾಡಿ ಮಾರಿದ. 1858ರಲ್ಲಿ ಸುಮಾರು 8,000 ಡಾಲರ್ ಉಳಿತಾಯದೊಂದಿಗೆ ಊರಿಗೆ ಮರಳಿ, ಆ ಹಣವನ್ನು ಅಣ್ಣಂದಿರ ಉದ್ಯಮದಲ್ಲಿ ತೊಡಗಿಸಿದ. ಅಂತರ್ಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಗಾಡಿಗಳನ್ನು ಒದಗಿಸಿ ಉದ್ಯಮ ಬೆಳೆಯಿತು. ಲೋಕದಲ್ಲೇ ಅತಿ ದೊಡ್ಡ ಗಾಡಿ ತಯಾರಕರು ತಾವೆಂದು ಅವರು ಹೇಳಿಕೊಳ್ಳುವಷ್ಟು ಬೆಳೆಯಿತು.

ಕುದುರೆಗಾಡಿಯ ಕಾಲ ಮುಗಿಯುತ್ತಿದೆಯೆಂದು ತಿಳಿದು 1902ರಲ್ಲಿ ವಿದ್ಯುತ್ ಕಾರನ್ನೂ, 1904ರಲ್ಲಿ ಪೆಟ್ರೋಲ್ ಕಾರನ್ನೂ ಹೊರತಂದರು. ಗಾಡಿ ಮಾಡುತ್ತಿದ್ದವರಲ್ಲಿ ಕಾರಿನ ಉದ್ಯಮಕ್ಕೆ ದಾಟಿ ಗಟ್ಟಿಯಾಗಿ ನಿಂತವರು ವಿರಳ. ಇವರು ನಿಂತರು.

ಮೊದಲ ಪೆಟ್ಟು

1929ರಲ್ಲಿ ಅಮೆರಿಕದಲ್ಲಿ ಆರ್ಥಿಕ ಮುಗ್ಗಟ್ಟು ಆರಂಭವಾಯಿತು. ಆಗ ಕಂಪನಿಯ ಅಧ್ಯಕ್ಷರಾಗಿದ್ದವರು ಆಲ್ಬರ್ಟ್ ಅರ್ಸ್ಕಿನ್. ಕೆಟ್ಟ ಕಾಲ ಬೇಗ ಕಳೆದುಹೋಗುವುದೆಂದು ನಂಬಿ, ಅವರು ಷೇರುದಾರರಿಗೆ ಗಳಿಸಿದ್ದಕ್ಕಿಂತ ಹೆಚ್ಚು ಡಿವಿಡೆಂಡು ಹಂಚಿದರು. ಕೂಡಿಟ್ಟ ಗಂಟು ಕರಗಿತು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದಷ್ಟೆ. 1933ರಲ್ಲಿ ಕಂಪನಿ ದಿವಾಳಿಯ ಅಂಚಿಗೆ ಬಂದು, ನ್ಯಾಯಾಲಯ ನೇಮಿಸಿದ ರಿಸೀವರುಗಳ ವಶವಾಯಿತು. ಅರ್ಸ್ಕಿನ್ ಅದೇ ವರ್ಷ ತಮ್ಮ ಕೈಯಾರೆ ಪ್ರಾಣ ಕಳೆದುಕೊಂಡರು.

ಇದು ನಮಗೆ ತಿಳಿಯದ ಸಂಗತಿಯಲ್ಲ. ಒಂದು ವರ್ಷ ಶಕ್ತಿಮೀರಿ ಫಸಲು ಹೊತ್ತ ಅರೇಬಿಕಾ ಗಿಡ ಮರುವರ್ಷ ರೆಕ್ಕೆಗಳು ಒಣಗಿ ನಿಲ್ಲುವುದನ್ನು ನಾವೆಲ್ಲ ಕಂಡಿದ್ದೇವೆ. ಹಣ್ಣಿಗಾಗಿ ಗಿಡ ತನ್ನ ಒಡಲನ್ನೇ ತಿಂದಿರುತ್ತದೆ.

ಚೇತರಿಕೆ, ಮತ್ತೆ ಇಳಿತ

ಹೆರಾಲ್ಡ್ ವ್ಯಾನ್ಸ್ ಮತ್ತು ಪಾಲ್ ಹಾಫ್‌ಮನ್ ಎಂಬವರು ಕಂಪನಿಯನ್ನು ಮತ್ತೆ ಎತ್ತಿ ನಿಲ್ಲಿಸಿದರು. 1939ರಲ್ಲಿ ಬಂದ ಚಾಂಪಿಯನ್ ಎಂಬ ಅಗ್ಗದ ಕಾರು ಜನರಿಗೆ ಮೆಚ್ಚುಗೆಯಾಯಿತು. ಎರಡನೆಯ ಮಹಾಯುದ್ಧದಲ್ಲಿ ಸೈನ್ಯಕ್ಕೆ ಲಾರಿಗಳನ್ನೂ ವಿಮಾನದ ಎಂಜಿನ್ನುಗಳನ್ನೂ ತಯಾರಿಸಿದರು. 1950ರಲ್ಲಿ ವರ್ಷದ ತಯಾರಿಕೆ ಮೂರು ಲಕ್ಷ ವಾಹನಗಳನ್ನು ಮೀರಿತು. ಇದೇ ಅವರ ಶಿಖರ.

ಆದರೆ ಆ ಒಳ್ಳೆಯ ವರ್ಷಗಳಲ್ಲೂ ಹಣ ಡಿವಿಡೆಂಡಿಗೂ ಧಾರಾಳ ಕೂಲಿಗೂ ಹರಿಯಿತೇ ಹೊರತು, ಹಳೆಯ ಕಾರ್ಖಾನೆಯನ್ನು ಹೊಸದಾಗಿಸಲು ಸಾಕಷ್ಟು ಉಳಿಯಲಿಲ್ಲ. ಹೀಗಾಗಿ ಒಂದೊಂದು ಕಾರಿಗೆ ಬೀಳುವ ಖರ್ಚು ದೊಡ್ಡ ಕಂಪನಿಗಳಿಗಿಂತ ಹೆಚ್ಚಾಗಿತ್ತು. 1953-54ರಲ್ಲಿ ಫೋರ್ಡ್ ಮತ್ತು ಷೆವ್ರೊಲೆ ಪರಸ್ಪರ ಪೈಪೋಟಿಯಿಂದ ಬೆಲೆ ಇಳಿಸಿದಾಗ ಇವರು ನಡುವೆ ಸಿಕ್ಕಿ ನಲುಗಿದರು. 1954ರಲ್ಲಿ ಪ್ಯಾಕಾರ್ಡ್ ಕಂಪನಿಯೊಂದಿಗೆ ಒಂದಾದರೂ ಭಾರ ಇಳಿಯಲಿಲ್ಲ. 1963ರ ಡಿಸೆಂಬರಿನಲ್ಲಿ ಸೌತ್ ಬೆಂಡ್ ಕಾರ್ಖಾನೆ ಬಾಗಿಲು ಮುಚ್ಚಿತು. ಕೆನಡಾದ ಹ್ಯಾಮಿಲ್ಟನ್‌ನಲ್ಲಿ ಮುಂದುವರಿದಿದ್ದ ತಯಾರಿಕೆಯೂ 1966ರ ಮಾರ್ಚಿನಲ್ಲಿ ನಿಂತಿತು.

ಬರಿಯ ಮಾತಿನ ಪಿಂಚಣಿ

ಕಥೆಯ ಕಹಿಯಾದ ಭಾಗ ಇನ್ನು ಮುಂದಿದೆ. 1950ರಲ್ಲಿ ಕಾರ್ಮಿಕರಿಗಾಗಿ ಪಿಂಚಣಿ ಯೋಜನೆ ಜಾರಿಗೆ ಬಂದಿತ್ತು. ಕಾಲಕಾಲಕ್ಕೆ ಪಿಂಚಣಿಯ ಮೊತ್ತವನ್ನು ಹೆಚ್ಚಿಸುತ್ತ ಹೋದರು. ಆದರೆ ಹಿಂದಿನ ಸೇವೆಗೆ ತಗಲುವ ಹಣವನ್ನು ನಿಧಿಗೆ ಹಲವಾರು ವರ್ಷಗಳ ಕಂತುಗಳಲ್ಲಿ ನಿಧಾನವಾಗಿ ತುಂಬುವ ಏರ್ಪಾಟು ಇತ್ತು. ಮಾತು ಮುಂದೆ ಓಡಿತು, ಹಣ ಹಿಂದೆ ಉಳಿಯಿತು. ಕಾರ್ಖಾನೆ ಮುಚ್ಚಿದಾಗ ನಿಧಿಯಲ್ಲಿ ಇದ್ದದ್ದು ಎಲ್ಲರಿಗೂ ಸಾಲಲಿಲ್ಲ. ನಿವೃತ್ತರಿಗೂ, 60 ವರ್ಷ ತುಂಬಿ ಅರ್ಹರಾಗಿದ್ದವರಿಗೂ, ಒಟ್ಟು ಸುಮಾರು 3,600 ಜನರಿಗೆ, ಪೂರ್ಣ ಪಿಂಚಣಿ ಸಿಕ್ಕಿತು. ಹತ್ತು ವರ್ಷಕ್ಕೆ ಕಡಿಮೆಯಿಲ್ಲದೆ ದುಡಿದಿದ್ದ 40ರಿಂದ 59 ವಯಸ್ಸಿನ ಸುಮಾರು 4,000 ಜನರಿಗೆ ಬರಬೇಕಾದದ್ದರಲ್ಲಿ ಡಾಲರಿಗೆ 15 ಸೆಂಟಿನಷ್ಟು ಮಾತ್ರ. ಉಳಿದವರಿಗೆ ಏನೂ ಇಲ್ಲ.

ಮೋಸ ಮಾಡಬೇಕೆಂದು ಯಾರೂ ಹೊರಟಿರಲಿಲ್ಲ. ಹೆಚ್ಚು ಕೊಡುತ್ತೇವೆಂದು ಹೇಳುವಾಗ ಎಲ್ಲರಿಗೂ ಸಂತೋಷ. ಅದಕ್ಕೆ ತಕ್ಕ ಹಣ ತೆಗೆದಿಡುವಾಗ ಎಲ್ಲರಿಗೂ ಬೇಸರ. ಈ ಪ್ರಕರಣ ದೇಶದ ಗಮನ ಸೆಳೆದು, 1974ರಲ್ಲಿ ನೌಕರರ ಪಿಂಚಣಿ ರಕ್ಷಣೆಗೆ ಕಾನೂನೊಂದು ಬರಲು ಪ್ರೇರಣೆಯಾಯಿತು. ಆದರೆ ಆ ಕಾನೂನಿನಿಂದ ಸೌತ್ ಬೆಂಡ್‌ನ ಕಾರ್ಮಿಕರಿಗೆ ಕಳೆದುಹೋದದ್ದು ಮರಳಲಿಲ್ಲ.

ನಮಗೆ ಪಾಠ

ನಮ್ಮ ಸಂಘವೂ ನಮ್ಮದೇ ಗಂಟಿನ ಮೇಲೆ ನಿಂತಿದೆ. ಅಡಿಕೆ ಧಾರಣೆ ಕುಸಿದಾಗ, ಕೊಳೆರೋಗ ತೋಟಕ್ಕೆ ಇಳಿದಾಗ, ಕಾಫಿ ಹೂವಿನ ಮಳೆ ಕೈಕೊಟ್ಟಾಗ ನಾವು ಬಂದು ನಿಲ್ಲುವುದು ಸಂಘದ ಬಾಗಿಲಲ್ಲೇ. ಆ ದಿನ ಪೆಟ್ಟಿಗೆ ಬರಿದಾಗಿದ್ದರೆ ಹಿಂದಿನ ವರ್ಷ ಪಡೆದ ಹೆಚ್ಚಿನ ಡಿವಿಡೆಂಡು ಯಾರನ್ನೂ ಕಾಯಲಾರದು. ಹಾಗೆಂದು ಸದಸ್ಯರಿಗೆ ಏನನ್ನೂ ಕೊಡದೆ ಕೂಡಿಡುವುದೂ ಸಹಕಾರ ಧರ್ಮವಲ್ಲ. ಎಷ್ಟು ಹಂಚಬೇಕು, ಎಷ್ಟು ಉಳಿಸಬೇಕು ಎಂಬುದನ್ನು ಲೆಕ್ಕ ನೋಡಿ, ಸಭೆಯಲ್ಲಿ ಕುಳಿತು, ನಾವೇ ನಿರ್ಧರಿಸಬೇಕು.

ಚರ್ಚೆಗೆ ಪ್ರಶ್ನೆಗಳು

1. ಕಳೆದ ಮೂರು ವರ್ಷಗಳಲ್ಲಿ ನಮ್ಮ ಸಂಘದ ಲಾಭದಲ್ಲಿ ಎಷ್ಟು ಪಾಲು ಮೀಸಲು ನಿಧಿಗೆ ಹೋಗಿದೆ?

2. ಗೋದಾಮು, ತೂಕದ ಯಂತ್ರ ಮೊದಲಾದವುಗಳ ದುರಸ್ತಿಗೆ ಹಣ ಪ್ರತ್ಯೇಕವಾಗಿ ಇದೆಯೇ?

3. ಸಂಘ ಸದಸ್ಯರಿಗೂ ಸಿಬ್ಬಂದಿಗೂ ಕೊಟ್ಟಿರುವ ಮಾತುಗಳೇನು? ಪ್ರತಿಯೊಂದಕ್ಕೂ ಹಣ ತೆಗೆದಿಡಲಾಗಿದೆಯೇ?

ಮುಂದಿನ ಮಹಾಸಭೆಗೆ ಬರುವಾಗ ವಾರ್ಷಿಕ ವರದಿಯನ್ನು ಓದಿಕೊಂಡು, ಈ ಪ್ರಶ್ನೆಗಳೊಡನೆ ಬನ್ನಿರೆಂದು ಕೋರುತ್ತೇವೆ.