ಪಾಠ 9: ಮರದ ಕೆಳಗೆ ಎರಡು ಗಂಟೆ

ಶನಿವಾರ ಸಂಜೆ. ಹಲಸೂರಿನ ನಮ್ಮ ಕಲಿಕಾ ಕೇಂದ್ರದಲ್ಲಿ ಸೇರಿದ್ದೆವು. ಪುಸ್ತಕ ತೆರೆದಿತ್ತು. ಅಕ್ಷರ ಕಣ್ಣಿಗೆ ಕಾಣುತ್ತಿತ್ತು. ತಲೆಗೆ ಹತ್ತುತ್ತಿರಲಿಲ್ಲ.

ನಮ್ಮಲ್ಲಿ ಒಬ್ಬ ಅಕ್ಕ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಅವರು ಹೇಳಿದರು: "ಆರು ದಿನ ಮಷಿನ್ ಸದ್ದು. ಮನೆಗೆ ಬಂದ್ರೂ ಕಿವೀಲಿ ಗುಂಯ್ ಅನ್ನುತ್ತೆ. ನಿದ್ದೇಲೂ ಪೀಸ್ ಎಣಿಸ್ತೀನಿ."

ಇನ್ನೊಬ್ಬಾಕೆ ಇಂದಿರಾನಗರದಲ್ಲಿ ನಾಲ್ಕು ಮನೆ ಕೆಲಸ ಮಾಡುತ್ತಾಳೆ. "ನಂಗೆ ಸಣ್ಣದಕ್ಕೂ ಸಿಟ್ಟು ಬರುತ್ತೆ ಅಕ್ಕ. ನಿನ್ನೆ ಮಗೂಗೆ ಸುಮ್ಮಸುಮ್ಮನೆ ಹೊಡೆದುಬಿಟ್ಟೆ" ಎಂದು ಕಣ್ಣೊರೆಸಿಕೊಂಡಳು.

ನಾವೆಲ್ಲ ಸುಮ್ಮನಾದೆವು. ಇದು ಒಂದು ಮನೆಯ ಮಾತಲ್ಲ. ನಮ್ಮೆಲ್ಲರ ಮನೆಯ ಮಾತು.

ಆಗ ಗುಂಪಿನ ಹಿರಿಯಜ್ಜಿ ಹೇಳಿದರು: "ನಾಳೆ ಕಬ್ಬನ್ ಪಾರ್ಕಿಗೆ ಹೋಗೋಣ ಬನ್ರೇ."

"ಅಯ್ಯೋ, ಭಾನುವಾರ ಬಟ್ಟೆ ಒಗೆಯೋರು ಯಾರಜ್ಜಿ?"

"ಅಲ್ಲಿಗೆ ನಮ್ಮಂಥೋರು ಹೋಗಬಹುದಾ? ಟಿಕೆಟ್ ಎಷ್ಟು?"

"ಟಿಕೆಟ್ ಇಲ್ಲ ಕಣ್ರೇ. ಬಟ್ಟೆ ಎರಡು ಗಂಟೆ ನೆನೆಯಲಿ ಬಿಡಿ" ಎಂದರು ಅಜ್ಜಿ. ಎಲ್ಲರೂ ನಕ್ಕೆವು.

ನಾವು ಹೋದೆವು

ಬೆಳಿಗ್ಗೆ ಬೇಗ ಹೊರಟೆವು. ಬಸ್ಸಿಗೂ ದುಡ್ಡು ಬೇಕಾಗಲಿಲ್ಲ. 2023ರ ಜೂನ್ 11ರಿಂದ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ಇದೆ. ಗುರುತಿನ ಚೀಟಿ ತೋರಿಸಿದೆವು. ಶಿವಾಜಿನಗರದಲ್ಲಿ ಇಳಿದು ನಡೆದೆವು.

ಭಾನುವಾರ ಪಾರ್ಕಿನ ಒಳಗೆ ವಾಹನ ಬಿಡುವುದಿಲ್ಲ. ಹಾರ್ನ್ ಸದ್ದು ದೂರವಾಯಿತು. ಬಿದಿರು ಮೆಳೆ ಕಂಡಿತು. ದೊಡ್ಡ ದೊಡ್ಡ ಮಳೆಮರಗಳು ಕಂಡವು. ಒಂದು ಮರದ ಕೆಳಗೆ ಸೆರಗು ಹಾಸಿ ಕುಳಿತೆವು.

ಮೊದಲು ಸಂಕೋಚ ಆಯಿತು. ಕೈಗೆ ಕೆಲಸ ಇಲ್ಲದೆ ಕೂರುವುದು ನಮಗೆ ರೂಢಿ ಇಲ್ಲ. ಸ್ವಲ್ಪ ಹೊತ್ತಿಗೆ ಮಾತು ನಿಂತಿತು. ಗಾರ್ಮೆಂಟ್ಸ್ ಅಕ್ಕ ಅಲ್ಲೇ ಮಲಗಿ ನಿದ್ದೆ ಹೋದರು. ಅಳುತ್ತಿದ್ದಾಕೆ ಮಗುವಿನ ಜೊತೆ ಬಿದ್ದ ಎಲೆ ಆರಿಸುತ್ತಿದ್ದಳು. "ನಮ್ಮೂರ ಕೆರೆ ಏರಿ ಮೇಲೆ ಹಿಂಗೇ ಹೊಂಗೆ ಮರ ಇತ್ತು" ಎಂದು ಮಗುವಿಗೆ ಹೇಳುತ್ತಿದ್ದಳು.

ಮೈಯಲ್ಲಿ ಏನಾಗುತ್ತದೆ?

ಅವಸರ, ಬೈಗುಳ, ಹೆದರಿಕೆ. ಇವು ಬಂದಾಗ ಎದೆ ಬೇಗ ಹೊಡೆದುಕೊಳ್ಳುತ್ತದೆ. ಕುತ್ತಿಗೆ, ಭುಜ ಬಿಗಿಯುತ್ತವೆ. ದಿನವೂ ಹೀಗಾದರೆ ನಿದ್ದೆ ಕೆಡುತ್ತದೆ. ಸಿಟ್ಟು ಹೆಚ್ಚುತ್ತದೆ. ಹಸಿರು ನೋಡುತ್ತ, ತಂಪಿನಲ್ಲಿ ಕುಳಿತರೆ ಉಸಿರು ನಿಧಾನವಾಗುತ್ತದೆ. ಬಿಗಿದ ಮೈ ಸಡಿಲವಾಗುತ್ತದೆ.

ಇದನ್ನು ತಿಳಿದವರು ಪರೀಕ್ಷೆ ಮಾಡಿ ನೋಡಿದ್ದಾರೆ. ಅಮೆರಿಕದ ಒಂದು ಆಸ್ಪತ್ರೆಯಲ್ಲಿ ಒಂದೇ ತರಹದ ಆಪರೇಷನ್ ಆದವರಿದ್ದರು. ಕೆಲವರ ಕಿಟಕಿಯಿಂದ ಮರ ಕಾಣುತ್ತಿತ್ತು. ಕೆಲವರಿಗೆ ಇಟ್ಟಿಗೆ ಗೋಡೆ ಕಾಣುತ್ತಿತ್ತು. ಮರ ಕಂಡವರು ಬೇಗ ಮನೆಗೆ ಹೋದರು. ಈ ವಿಷಯ 1984ರಲ್ಲಿ ಅಚ್ಚಾಯಿತು.

2019ರಲ್ಲಿ ಇಂಗ್ಲೆಂಡಿನಿಂದ ಇನ್ನೊಂದು ವಿಷಯ ತಿಳಿಯಿತು. ಅಲ್ಲಿ ಸುಮಾರು 20,000 ಜನರನ್ನು ಕೇಳಿದ್ದರು. ವಾರಕ್ಕೆ ಎರಡು ಗಂಟೆಯಾದರೂ ಹಸಿರಿನ ನಡುವೆ ಇದ್ದವರಲ್ಲಿ "ನಾವು ಚೆನ್ನಾಗಿದ್ದೇವೆ" ಎಂದವರು ಹೆಚ್ಚು. ಎರಡು ಗಂಟೆ ಒಂದೇ ಸಲ ಆಗಬೇಕೆಂದಿಲ್ಲ. ದಿನಕ್ಕಿಷ್ಟು ಎಂದು ಹಂಚಿಕೊಂಡರೂ ಆಗುತ್ತದೆ.

ದೂರ ಹೋಗಲು ಆಗದಿದ್ದರೆ ಹಲಸೂರು ಕೆರೆ ದಂಡೆ ಇದೆ. ಕೆ.ಆರ್. ಪುರದವರಿಗೆ ಅಲ್ಲೇ ಹತ್ತಿರದ ಅರಳಿಕಟ್ಟೆ ಸಾಕು. ಬೀದಿಯ ಹೊಂಗೆ ನೆರಳೂ ಸಾಕು.

ಈ ತೋಟ ಯಾರದು?

ಕಬ್ಬನ್ ಪಾರ್ಕ್ ಆದದ್ದು 1870ರಲ್ಲಿ, ಬ್ರಿಟಿಷರ ಕಾಲದಲ್ಲಿ. 1927ರಲ್ಲಿ ಅದಕ್ಕೆ ಶ್ರೀ ಚಾಮರಾಜೇಂದ್ರ ಪಾರ್ಕ್ ಎಂದು ಹೆಸರಿಟ್ಟರು. ಇಂಥ ಸರ್ಕಾರಿ ತೋಟಗಳನ್ನು ಉಳಿಸಲು 1975ರಲ್ಲಿ ಕಾನೂನು ಬಂತು. ಅದು ಎಲ್ಲರ ತೋಟ. ಕಾರಿನಲ್ಲಿ ಬರುವವರಿಗೆ ಎಷ್ಟು ಹಕ್ಕಿದೆಯೋ ನಮಗೂ ಅಷ್ಟೇ ಇದೆ.

ರಜೆಯೂ ಹಾಗೆಯೇ. ಕಾರ್ಖಾನೆ ಕೆಲಸದವರಿಗೆ ವಾರಕ್ಕೊಂದು ರಜೆ ಕೊಡಬೇಕೆಂದು 1948ರ ಕಾರ್ಖಾನೆ ಕಾಯಿದೆಯಲ್ಲಿತ್ತು. ಈಗಿನ ಕಾನೂನಿನಲ್ಲೂ ಇದೆ. ಮನೆಗೆಲಸದವರಿಗೆ ಆ ಕಾಯಿದೆ ಇಲ್ಲ. ಅವರು ಬಾಯಿಬಿಟ್ಟು ಕೇಳಬೇಕು. ಒಬ್ಬಳೇ ಕೇಳಲು ಹೆದರಿಕೆಯಾದರೆ ನಾಲ್ಕು ಜನ ಸೇರಿ ಕೇಳಬೇಕು.

ಇನ್ನು ನಮ್ಮ ಮನೆ. ಅಲ್ಲಿ ಹೆಂಗಸಿಗೆ ರಜೆ ಯಾವಾಗ? ಗಂಡ ಒಂದು ದಿನ ಅನ್ನ ಬಸಿದರೆ, ದೊಡ್ಡ ಮಗ ನೀರು ಹಿಡಿದರೆ ನಮಗೆ ಎರಡು ಗಂಟೆ ಸಿಗುತ್ತದೆ.

ಮರ ಎಲ್ಲವನ್ನೂ ತೀರಿಸುವುದಿಲ್ಲ

ಮರದ ನೆರಳು ಸಂಬಳ ಹೆಚ್ಚಿಸುವುದಿಲ್ಲ. ಸಾಲ ತೀರಿಸುವುದಿಲ್ಲ. ಹೊಡೆಯುವ ಗಂಡನ ಕೈ ಹಿಡಿಯುವುದಿಲ್ಲ. ಆದರೆ ದಣಿವಾರಿದ ತಲೆಗೆ ದಾರಿ ಹೊಳೆಯುತ್ತದೆ.

ಎರಡು ವಾರವಾದರೂ ನಿದ್ದೆ ಬರುತ್ತಿಲ್ಲವೇ? ಬದುಕೇ ಬೇಡ ಅನ್ನಿಸುತ್ತಿದೆಯೇ? ತಡಮಾಡಬೇಡಿ. ಆಸ್ಪತ್ರೆಗೆ ಹೋಗಿ. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಉಚಿತ. ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಮಹಿಳಾ ಸಹಾಯವಾಣಿ 181.

ಹೊತ್ತೇರಿತು. ಎದ್ದೆವು. ಮನೆಗೆ ಹೋದಾಗ ಬಟ್ಟೆ ಹಾಗೇ ಇತ್ತು. ಒಗೆದೆವು. ಆದರೆ ಆ ದಿನ ಯಾರೂ ಮಕ್ಕಳಿಗೆ ಹೊಡೆಯಲಿಲ್ಲ.

ಮಾತಾಡೋಣ, ಬರೆಯೋಣ

1. ನಿಮಗೆ ಯಾವಾಗ ಹೆಚ್ಚು ಸಿಟ್ಟು ಬರುತ್ತದೆ? ಏಕೆ?
2. ನಿಮ್ಮ ಮನೆಗೆ ಹತ್ತಿರ ಇರುವ ದೊಡ್ಡ ಮರ ಯಾವುದು? ಹೆಸರು ಬರೆಯಿರಿ.
3. ಬಿಟ್ಟ ಜಾಗ ತುಂಬಿ: ಟೆಲಿ ಮಾನಸ್ ನಂಬರ್ ______.
4. ಈ ವಾರ ನಿಮ್ಮ ಎರಡು ಗಂಟೆ ಯಾವ ದಿನ? ಮನೆಯವರಿಗೆ ಒಂದು ಚೀಟಿ ಬರೆದಿಡಿ.