ಕಾಡಿನ ಗಿಡ ಕುಂಡಕ್ಕೆ ತರಬಹುದೇ?

ಪ್ರಶ್ನೆ: ನಮ್ಮದು ಕೊಪ್ಪ ಸಮೀಪದ ಹಳ್ಳಿ. ಬೋನ್ಸಾಯ್ ಮಾಡಲು ಶೃಂಗೇರಿ, ನರಸಿಂಹರಾಜಪುರ ಕಡೆಯ ಕಾಡಿನಿಂದ ಗಿಡ ತರಬಹುದೇ? ಒಮ್ಮೆ ತಂದು ಕೂಡಲೇ ತಟ್ಟೆಕುಂಡಕ್ಕೆ ಹಾಕಿದೆ, ಒಣಗಿತು.

ಉತ್ತರ: ಕಾಡಿನಿಂದ ಬೇಡ. ಮೀಸಲು ಅರಣ್ಯದಲ್ಲಿ ಅನುಮತಿಯಿಲ್ಲದೆ ಗಿಡ ಕೀಳುವುದು ಕರ್ನಾಟಕ ಅರಣ್ಯ ಕಾಯ್ದೆ 1963ರಡಿ ಅಪರಾಧ. ಕೆರೆಕಟ್ಟೆ ಕಡೆಯ ಕಾಡು ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ್ದು, ಅಲ್ಲಿ ಇನ್ನೂ ಬಿಗಿ. ಸೊಪ್ಪಿನ ಬೆಟ್ಟವನ್ನೂ ಸ್ವಂತದ್ದೆಂದು ಎಣಿಸದೆ ವಲಯ ಅರಣ್ಯಾಧಿಕಾರಿಯನ್ನು ಕೇಳಿ.

ನಿಮ್ಮ ಹಳೇ ಕೊಟ್ಟಿಗೆ ಗೋಡೆ, ಬಾವಿಕಟ್ಟೆ ನೋಡಿದ್ದೀರಾ? ಜಂಬಿಟ್ಟಿಗೆ ಸಂದಿಯಲ್ಲಿ ಹಕ್ಕಿ ಬಿತ್ತಿದ ಬಸರಿ, ಗೋಳಿ, ಅತ್ತಿ ಇರುತ್ತವೆ: ಬುಡ ಹೆಬ್ಬೆರಳು ದಪ್ಪ, ಎತ್ತರ ಮೊಣಕಾಲಿಗೂ ಬಾರದು. ಗೋಡೆ ಉಳಿಯಬೇಕಾದರೆ ಅವನ್ನು ಹೇಗೂ ತೆಗೆಯಲೇಬೇಕು. ಬೋನ್ಸಾಯ್‌ಗೆ ಇದಕ್ಕಿಂತ ಒಳ್ಳೆಯ ಗಿಡ ಬೇಕಿಲ್ಲ. ಮುಂಗಾರು ಹಿಡಿದು ಗೋಡೆ ನೆನೆದ ಮೇಲೆ ಕಲ್ಲು ಸಡಿಲಿಸಿ, ಸಣ್ಣ ಬೇರು ಹರಿಯದಂತೆ ಬಿಡಿಸಿ. ಒದ್ದೆ ಗೋಣಿಯಲ್ಲಿ ಸುತ್ತಿ ಅಂದೇ ನೆಡಿ.

ಒಂದೆರಡು ವರ್ಷ ಆಳದ ಕುಂಡವೇ ಇರಲಿ; ದಪ್ಪ ಮರಳು, ಜಂಬಿಟ್ಟಿಗೆ ಚೂರು, ಸ್ವಲ್ಪ ಗೊಬ್ಬರ ಸಾಕು. ತಂತಿ ಸುತ್ತುವುದು ಆಮೇಲೆ. ನಮ್ಮ ಮಳೆಗೆ ಬೇರು ಕೊಳೆಯುತ್ತದೆ, ಸೂರಿನಡಿ ಇಡಿ. ಬುಡ ಮೆತ್ತಗಾದರೆ ತಾಲ್ಲೂಕು ತೋಟಗಾರಿಕೆ ಕಚೇರಿಯಲ್ಲಿ ತೋರಿಸಿ. ಎಲೆ ಉದುರಿದ ಮಾತ್ರಕ್ಕೆ ಎಸೆಯಬೇಡಿ. ತೊಗಟೆಯನ್ನು ಉಗುರಿನಿಂದ ಕೆರೆದಾಗ ಹಸಿರು ಕಂಡರೆ ಗಿಡ ಬದುಕಿದೆ.