ಕೊಳೆರೋಗದ ಹೆಸರೂ ಶಿಲೀಂಧ್ರಗಳ ಬಳಗವೂ

ಸಾಹಿತ್ಯದ ವಿದ್ಯಾರ್ಥಿಗಳಿಗೆ ಬೂಷ್ಟಿನ ಪಾಠ ಯಾತಕ್ಕೆ ಅಂತ ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಹೆಸರಿಡುವುದು, ಹೆಸರಿಟ್ಟದ್ದನ್ನು ಗುಂಪು ಮಾಡುವುದು, ಇವೆರಡೂ ಮೂಲತಃ ಭಾಷೆಯ ಕೆಲಸಗಳು. ಕೇಶಿರಾಜ ಶಬ್ದಗಳನ್ನು ತತ್ಸಮ, ತದ್ಭವ, ದೇಶ್ಯ ಎಂದು ವಿಂಗಡಿಸಿದ್ದೂ, ಸಸ್ಯಶಾಸ್ತ್ರದವರು ಅಣಬೆಗಳನ್ನು ಗಣ, ಕುಟುಂಬ ಎಂದು ವಿಂಗಡಿಸುವುದೂ ಒಂದೇ ಬಗೆಯ ಪ್ರಯತ್ನ. ಹೆಸರು ದಾರಿ ತಪ್ಪಿಸಿದರೆ ಏನಾಗುತ್ತದೆಂಬುದನ್ನು ೨೦೨೧ರಲ್ಲಿ ಹೈದರಾಬಾದಿನವರಾದ ನಾವು ಕಣ್ಣಾರೆ ಕಂಡಿದ್ದೇವೆ. ಅಲ್ಲಿಂದಲೇ ಹೊರಡೋಣ.

೧. ಬಣ್ಣದ ಹೆಸರು

೨೦೨೧ರ ಮೇ ತಿಂಗಳು. ಕೋವಿಡ್‌ನಿಂದ ಎದ್ದವರಲ್ಲಿ ಕೆಲವರಿಗೆ ಮೂಗು, ಕಣ್ಣು, ದವಡೆಗಳನ್ನು ತಿನ್ನುವ ಹೊಸ ಕಾಯಿಲೆ ಕಾಣಿಸಿತು. ಕೋಠಿಯ ಸರ್ಕಾರಿ ಕಿವಿ-ಮೂಗು-ಗಂಟಲಿನ ಆಸ್ಪತ್ರೆಯನ್ನು ಇದಕ್ಕೆಂದೇ ಗೊತ್ತುಮಾಡಿದರು. ಕಾಯಿಲೆಯ ಶಾಸ್ತ್ರೀಯ ಹೆಸರು ಮ್ಯೂಕರ್‌ಮೈಕೋಸಿಸ್. ಅದು ಯಾರ ಬಾಯಿಗೂ ಹತ್ತಲಿಲ್ಲ. ‘ಬ್ಲ್ಯಾಕ್ ಫಂಗಸ್’ ಎಂದರು. ಕನ್ನಡ ಪತ್ರಿಕೆಗಳಲ್ಲಿ ಅದೇ ‘ಕಪ್ಪು ಶಿಲೀಂಧ್ರ’ವಾಯಿತು. ವಾರ ಕಳೆಯುವುದರೊಳಗೆ ಬಿಳಿ ಶಿಲೀಂಧ್ರ ಬಂತಂತೆ, ಹಳದಿ ಶಿಲೀಂಧ್ರ ಬಂತಂತೆ ಎಂಬ ಸುದ್ದಿಗಳೂ ಹುಟ್ಟಿದವು.

ನಾನಿರುವುದು ಮಣಿಕೊಂಡದಲ್ಲಿ. ನಮ್ಮ ಕಟ್ಟಡದಲ್ಲಿ ಆಗ ನಡೆದದ್ದು ಇಷ್ಟು: ಈರುಳ್ಳಿ ಸಿಪ್ಪೆಯ ಮೇಲೆ ಕಪ್ಪು ಪುಡಿ ಇರುತ್ತದಲ್ಲ, ಅದೇ ಆ ರೋಗ ಅಂತ ಫೋನಿನಲ್ಲಿ ಸಂದೇಶ ಬಂತು. ಮೂರು ಮನೆಯವರು ಮೂಟೆಗಟ್ಟಲೆ ಈರುಳ್ಳಿ ಹೊರಗೆ ಹಾಕಿದರು. ಫ್ರಿಜ್ಜಿನ ರಬ್ಬರಿನ ಕಪ್ಪು ಕಲೆಯನ್ನು ಉಜ್ಜಿದ್ದೇ ಉಜ್ಜಿದ್ದು. ಅದೇ ಕಟ್ಟಡದಲ್ಲಿ ಸಕ್ಕರೆ ಕಾಯಿಲೆಯಿದ್ದು, ಕೋವಿಡ್‌ಗೆ ಸ್ಟೀರಾಯ್ಡ್ ತೆಗೆದುಕೊಂಡು ಬಂದಿದ್ದ ಹಿರಿಯರೊಬ್ಬರಿದ್ದರು. ಅವರ ರಕ್ತದ ಸಕ್ಕರೆ ನೋಡಬೇಕು ಅಂತ ಮಾತ್ರ ಹತ್ತು ದಿನ ಯಾರಿಗೂ ಹೊಳೆಯಲಿಲ್ಲ. ಅಪಾಯ ಇದ್ದದ್ದು ಅಲ್ಲಿ, ಈರುಳ್ಳಿಯಲ್ಲಲ್ಲ.

ಈರುಳ್ಳಿಯ ಕಪ್ಪು ಆಸ್ಪರ್ಜಿಲಸ್ ಎಂಬ ಬೇರೆಯೇ ಶಿಲೀಂಧ್ರದ್ದು. ರೋಗ ತಂದದ್ದು ರೈಜೋಪಸ್, ಮ್ಯೂಕರ್ ಮುಂತಾದವು. ಹಳಸಿದ ರೊಟ್ಟಿಯ ಮೇಲೆ ಹತ್ತಿಯಂತೆ ಹಬ್ಬುವ ಬೂಷ್ಟಿನ ಬಳಗ. ಅದರ ಎಳೆಗಳಿಗೆ ಬಣ್ಣವಿಲ್ಲ. ಮಾಗಿದಾಗ ಗುಂಡುಸೂಜಿ ತಲೆಯಂಥ ಬೀಜಕಕೋಶಗಳು ಕಪ್ಪಾಗುತ್ತವೆ, ನಿಜ. ಆದರೆ ರೋಗಿಯ ಮುಖದಲ್ಲಿ ಕಂಡ ಕಪ್ಪು ಅದಲ್ಲ. ಎಳೆಗಳು ರಕ್ತನಾಳಕ್ಕೆ ನುಗ್ಗಿ ರಕ್ತ ನಿಂತುಹೋಗಿ, ಮಾಂಸ ಸತ್ತು ಕಪ್ಪಾಗಿತ್ತು. ಗಾಯದ ಬಣ್ಣವನ್ನು ಜೀವಿಗೆ ಹಚ್ಚಿದೆವು. ಔಷಧವೂ ಬೇರೆ: ಆಸ್ಪರ್ಜಿಲಸ್‌ಗೆ ಕೊಡುವ ವೊರಿಕೊನಜೋಲ್ ಮ್ಯೂಕರ್ ಬಳಗಕ್ಕೆ ನಾಟುವುದಿಲ್ಲ, ಅದಕ್ಕೆ ಆಂಫೊಟೆರಿಸಿನ್ ಬೇಕು. ಬಳಗ ಗೊತ್ತಿಲ್ಲದೆ ಮದ್ದು ಗೊತ್ತಾಗುವುದಿಲ್ಲ.

೨. ನಮ್ಮ ಹಳ್ಳಿಯ ಹೆಸರುಗಳು

ಈಗ ನಮ್ಮ ರೈತರು ಏನೆಂದು ಹೆಸರಿಟ್ಟಿದ್ದರು ನೋಡಿ. ಜೋಳದ ಕಾಳಿನ ಬದಲು ಕಪ್ಪು ಪುಡಿ ತುಂಬಿದರೆ ಕಾಡಿಗೆ ರೋಗ. ಎಲೆಯ ಮೇಲೆ ಬೂದಿ ಎರಚಿದಂತಾದರೆ ಬೂದಿ ರೋಗ. ಗೋಧಿಯ ಎಲೆಗೆ ತುಕ್ಕು ಹಿಡಿದಂತಾದರೆ ತುಕ್ಕು ರೋಗ. ಭತ್ತದ ಗದ್ದೆ ಸುಟ್ಟಂತೆ ಕಂಡರೆ ಬೆಂಕಿ ರೋಗ. ಸಜ್ಜೆ, ಮೆಕ್ಕೆಜೋಳಗಳ ಎಲೆ ಬಿಳಿಚಿಕೊಂಡರೆ ಕೇದಿಗೆ ರೋಗ. ಕೇದಿಗೆಯ ಗರಿಯ ಬಿಳುಪನ್ನು ನೆನೆದ ಆ ಹೆಸರನ್ನಿಟ್ಟವನು ಕವಿಯೇ ಇರಬೇಕು.

ಇಲ್ಲೂ ಬಣ್ಣವಿದೆ, ರೂಪವಿದೆ. ಆದರೆ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಪ್ರತಿ ಹೆಸರಿನ ಕೊನೆಗೂ ‘ರೋಗ’ ಎಂಬ ಪದವಿದೆ. ರೈತ ಹೆಸರಿಟ್ಟದ್ದು ತಾನು ಕಂಡ ರೋಗಕ್ಕೆ. ಕಾಣದ ಜೀವಿಯ ಬಗ್ಗೆ ಅವನು ಏನನ್ನೂ ಹೇಳಲಿಲ್ಲ. ‘ಕಾಡಿಗೆ ಶಿಲೀಂಧ್ರ’ ಎಂದು ಅವನು ಅನ್ನಲಿಲ್ಲ. ೨೦೨೧ರಲ್ಲಿ ನಾವು ಬಿಟ್ಟದ್ದು ಈ ಎಚ್ಚರವನ್ನೇ.

ಶಿಲೀಂಧ್ರ ಎಂಬ ತತ್ಸಮ ಪದಕ್ಕೂ ಹೀಗೊಂದು ಕತೆಯುಂಟು. ಸಂಸ್ಕೃತದಲ್ಲಿ ಅದು ಮಳೆಗಾಲದ ಅಣಬೆಯನ್ನು ಹೇಳುವ ಮಾತು. ಕಾಳಿದಾಸನ ಮೇಘದೂತದಲ್ಲಿ ಮೋಡದ ಗುಡುಗಿಗೆ ನೆಲದಿಂದೇಳುವುದು ಅದೇ. ಗುಡುಗಿಗೆ ಅಣಬೆ ಏಳುತ್ತದೆ ಅಂತ ನಮ್ಮ ಅಜ್ಜಿಯರೂ ಹೇಳುತ್ತಾರೆ. ಅರ್ಥ ಹಿಗ್ಗಿ ಇಂದು ಅದು ಅಣಬೆ, ಬೂಷ್ಟು, ತುಕ್ಕು, ಹಿಟ್ಟು ಹುದುಗಿಸುವ ಯೀಸ್ಟು ಎಲ್ಲವನ್ನೂ ಒಳಗೊಂಡಿದೆ. ಕನ್ನಡದಂತೆ ತೆಲುಗಿನಲ್ಲೂ ಇದೇ ಪದ. ದೇಶ್ಯ ಪದಗಳು ಮಾತ್ರ ಊರಿಗೊಂದು. ನಮ್ಮದು ಅಣಬೆ, ನಾಯಿಕೊಡೆ, ಕೊಡವರದು ಕುಮ್ಮು, ಇಲ್ಲಿ ಮಣಿಕೊಂಡದ ಸಂತೆಯಲ್ಲಿ ಪುಟ್ಟಗೊಡುಗು. ಪುಟ್ಟ ಎಂದರೆ ಚಿಕ್ಕದು ಅಂದುಕೊಳ್ಳಬೇಡಿ. ಅದು ನಮ್ಮ ಹುತ್ತ. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಯಿತು, ತೆಲುಗಿನಲ್ಲಿ ಹಾಗೇ ಉಳಿಯಿತು. ಹುತ್ತದ ಕೊಡೆ ಎಂದರ್ಥ. ಗೆದ್ದಲುಗಳು ಹುತ್ತದೊಳಗೆ ಬೆಳೆಸುವ ಈ ಅಣಬೆಯ ಜಾತಿಗೆ ಫ್ರಾನ್ಸಿನ ರೋಜೆ ಹೈಮ್ ೧೯೪೨ರಲ್ಲಿ ಟರ್ಮಿಟೊಮೈಸಿಸ್, ಅಂದರೆ ಗೆದ್ದಲು-ಅಣಬೆ, ಎಂದು ಹೆಸರಿಟ್ಟ. ತೆಲಂಗಾಣದ ಹೆಂಗಸರು ಕಂಡುಕೊಂಡಿದ್ದನ್ನೇ ಅವನೂ ಶಾಸ್ತ್ರದ ಭಾಷೆಯಲ್ಲಿ ಹೇಳಿದ ಹಾಗಾಯಿತು.

೩. ಹಳೆಯ ನಾಲ್ಕು ಮನೆಗಳು

ಹಳೆಯ ಪಠ್ಯಗಳಲ್ಲಿ ಶಿಲೀಂಧ್ರಗಳಿಗೆ ನಾಲ್ಕು ಮನೆ. ಆಸ್ಕೊಮೈಸೀಟ್ಸ್: ಗ್ರೀಕಿನ ಆಸ್ಕಸ್ ಎಂದರೆ ಚೀಲ, ಚೀಲದೊಳಗೆ ಸಾಮಾನ್ಯವಾಗಿ ಎಂಟು ಬೀಜಕ. ಯೀಸ್ಟು, ಬೂದಿ ರೋಗದವು, ಆಸ್ಪರ್ಜಿಲಸ್ ಈ ಕಡೆಯವು. ಬೇಸಿಡಿಯೊಮೈಸೀಟ್ಸ್: ಬೇಸಿಡಿಯಂ ಎಂದರೆ ಪುಟ್ಟ ಪೀಠ, ಪೀಠದ ಹೊರಗೆ ಸಾಮಾನ್ಯವಾಗಿ ನಾಲ್ಕು ಬೀಜಕ. ನಾಯಿಕೊಡೆ, ತುಕ್ಕು, ಕಾಡಿಗೆ ಇಲ್ಲಿಯವು. ಮೂರನೆಯದು ಡ್ಯೂಟೆರೊಮೈಸೀಟ್ಸ್: ಲೈಂಗಿಕ ಅವಸ್ಥೆ ಇನ್ನೂ ಕಂಡಿಲ್ಲದ ‘ಅಪೂರ್ಣ’ ಶಿಲೀಂಧ್ರಗಳು. ನಾಲ್ಕನೆಯದು ಫೈಕೊಮೈಸೀಟ್ಸ್, ಅಂದರೆ ಪಾಚಿಯಂಥ ಶಿಲೀಂಧ್ರಗಳು. ಎಳೆಗಳಲ್ಲಿ ಅಡ್ಡಗೋಡೆ ಇಲ್ಲದವೆಲ್ಲ ಇಲ್ಲಿಗೆ. ರೊಟ್ಟಿಯ ಮ್ಯೂಕರ್ ಇದೇ ಮನೆ; ಮಲೆನಾಡಿನ ಅಡಿಕೆ ಕೊಳೆರೋಗದ ಫೈಟಾಫ್ತೊರವೂ ಇದೇ ಮನೆ.

ಹೆಸರುಗಳ ಬಾಲವನ್ನು ನೋಡಿಯೇ ಅಂತಸ್ತನ್ನು ಹೇಳಬಹುದು. ವಿಭಕ್ತಿ ಪ್ರತ್ಯಯ ಕಲಿತ ನಮಗೆ ಇದು ಕಷ್ಟವಲ್ಲ. ಮ್ಯೂಕರ್ ಎಂಬುದು ಜಾತಿ. ಮ್ಯೂಕರೇಸಿಯೆ ಎಂದರೆ ಕುಟುಂಬ. ಮ್ಯೂಕರೇಲ್ಸ್ ಎಂದರೆ ಗಣ. ಮ್ಯೂಕರೊಮೈಸೀಟ್ಸ್ ಎಂದರೆ ವರ್ಗ. ಮ್ಯೂಕರೊಮೈಕೋಟ ಎಂದರೆ ವಿಭಾಗ. ಪ್ರಕೃತಿ ಒಂದೇ, ಪ್ರತ್ಯಯ ಬದಲಾದಂತೆ ಬಳಗ ದೊಡ್ಡದಾಗುತ್ತದೆ.

೪. ಲಿಪಿ ಬೇರೆ, ಬಳಗ ಬೇರೆ

ಈ ನಾಲ್ಕು ಮನೆಗಳಲ್ಲಿ ಈಗ ಎರಡು ಉಳಿದಿಲ್ಲ. ಯಾಕೆಂದು ತಿಳಿಯಲು ಮಣಿಕೊಂಡದ ರಸ್ತೆಗೆ ಬನ್ನಿ. ಅಂಗಡಿಯ ತೆಲುಗು ಬೋರ್ಡನ್ನು ಕನ್ನಡ ಬಲ್ಲವರು ಹೆಚ್ಚು ತಡವರಿಸದೆ ಓದುತ್ತೇವೆ. ತಮಿಳು ಬೋರ್ಡು ಬಂದರೆ ಬಾಯಿ ಕಟ್ಟುತ್ತದೆ. ಲಿಪಿ ನೋಡಿ ಗುಂಪು ಮಾಡಿದರೆ ಕನ್ನಡ-ತೆಲುಗು ಒಂದು, ತಮಿಳು ಬೇರೆ. ಆದರೆ ಭಾಷಾವಿಜ್ಞಾನದವರು ಹೇಳುವುದು ಬೇರೆ: ಕನ್ನಡ ತಮಿಳಿನ ಜತೆ ದಕ್ಷಿಣ ದ್ರಾವಿಡ ಶಾಖೆಗೆ ಸೇರಿದ್ದು, ತೆಲುಗು ಗೋಂಡಿ ಮುಂತಾದವುಗಳ ಜತೆ ದಕ್ಷಿಣ-ಮಧ್ಯ ಶಾಖೆಗೆ. ಹೊರರೂಪದ ಹೋಲಿಕೆಯೇ ಬಂಧುತ್ವವಲ್ಲ.

ಶಿಲೀಂಧ್ರಗಳಲ್ಲೂ ಇದೇ ಆಯಿತು. ಲಿನ್ನೇಯಸ್ ೧೭೫೩ರಲ್ಲಿ ಅವನ್ನು ಸಸ್ಯಗಳ ಕೊನೆಯ ವರ್ಗದಲ್ಲಿಟ್ಟಿದ್ದ. ೧೯೬೯ರಲ್ಲಿ ವ್ಹಿಟೇಕರ್ ಅವಕ್ಕೆ ಪ್ರತ್ಯೇಕ ಸಾಮ್ರಾಜ್ಯವನ್ನೇ ಕೊಟ್ಟ. ಆಮೇಲೆ ಅಣುಗಳ ಮಟ್ಟದ ಹೋಲಿಕೆ ಶುರುವಾದ ಮೇಲೆ, ಶಿಲೀಂಧ್ರಗಳು ಗಿಡಗಳಿಗಿಂತ ಪ್ರಾಣಿಗಳಿಗೇ ಹತ್ತಿರ ಎಂಬುದು ತಿಳಿಯಿತು. ಫೈಕೊಮೈಸೀಟ್ಸ್ ಮನೆಯಂತೂ ಒಡೆದೇ ಹೋಯಿತು. ಮ್ಯೂಕರ್ ನಿಜವಾದ ಶಿಲೀಂಧ್ರವಾಗಿ ಉಳಿಯಿತು. ಫೈಟಾಫ್ತೊರವೂ ಸಜ್ಜೆಯ ಕೇದಿಗೆ ರೋಗದ್ದೂ ಶಿಲೀಂಧ್ರಗಳೇ ಅಲ್ಲ! ಅವು ಊಮೈಸೀಟ್ಸ್, ಸಮುದ್ರದ ಕಂದು ಪಾಚಿಗಳ, ಡಯಾಟಮ್‌ಗಳ ದಾಯಾದಿಗಳು. ಶಿಲೀಂಧ್ರದ ಕೋಶಭಿತ್ತಿಯಲ್ಲಿ ಕೈಟಿನ್ ಮುಖ್ಯ, ಇವುಗಳದರಲ್ಲಿ ಸೆಲ್ಯುಲೋಸ್ ಇದೆ; ಇವುಗಳ ಈಜುವ ಬೀಜಕಕ್ಕೆ ಎರಡು ಬಾಲ. ಎಳೆಎಳೆಯಾಗಿ ಹಬ್ಬುವುದು ಮಾತ್ರ ಇಬ್ಬರಲ್ಲೂ ಒಂದೇ. ಲಿಪಿ ಒಂದಾದ ಹಾಗೆ.

ಇದು ಬರೀ ಪಂಡಿತರ ಜಗಳ ಅಲ್ಲ. ಅಜೋಲ್ ಬಗೆಯ ಔಷಧಗಳು ಶಿಲೀಂಧ್ರ ತನಗಾಗಿ ಎರ್ಗೊಸ್ಟೆರಾಲ್ ತಯಾರಿಸುವುದನ್ನು ತಡೆಯುತ್ತವೆ. ಫೈಟಾಫ್ತೊರ ಅದನ್ನು ತಯಾರಿಸುವುದೇ ಇಲ್ಲ, ತಡೆಯುವುದೇನನ್ನು? ಅದಕ್ಕೆ ಮೆಟಲಾಕ್ಸಿಲ್‌ನಂಥದು ಬೇಕು; ಆ ಮದ್ದು ನಿಜವಾದ ಶಿಲೀಂಧ್ರಕ್ಕೆ ನಾಟುವುದಿಲ್ಲ. ಮೈಲುತುತ್ತದ ಬೋರ್ಡೋ ದ್ರಾವಣ ಇಬ್ಬರನ್ನೂ ಹೊಡೆಯುತ್ತಿದ್ದುದರಿಂದ ಹಳೆಯ ವರ್ಗೀಕರಣದ ದೋಷ ರೈತನಿಗೆ ತಟ್ಟಲಿಲ್ಲ. ಮದ್ದು ಸೂಕ್ಷ್ಮವಾದಷ್ಟೂ ಹೆಸರೂ ಖಚಿತವಾಗಬೇಕು.

೫. ಕನ್ನಡ ಪದ ಲ್ಯಾಟಿನ್ನಿಗೆ ಹೋದದ್ದು

ಕೊಳೆರೋಗ ಎಂಬ ಮಾತನ್ನು ನಾವು ಎರಡು ರೋಗಕ್ಕೆ ಬಳಸುತ್ತೇವೆ. ಮೊದಲನೆಯದು ಅಡಿಕೆಯದು. ಮುಂಗಾರಿನಲ್ಲಿ ಎಳೆಕಾಯಿ ಕೊಳೆತು ಉದುರುತ್ತದೆ; ಹಿಂದೆ ಕೊನೆಗಳಿಗೆ ಕೊಟ್ಟೆ ಕಟ್ಟಿ ಕಾಯುತ್ತಿದ್ದರು. ೧೯೦೮ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಇದನ್ನು ಅಭ್ಯಾಸ ಮಾಡಿ, ೧೯೧೦ರಲ್ಲಿ ಫೈಟಾಫ್ತೊರ ಆಮ್ನಿವೊರದ ‘ಅರೆಕೆ’ ಎಂಬ ಬಗೆಯೆಂದು ವರ್ಣಿಸಿ, ಬೋರ್ಡೋ ದ್ರಾವಣ ಹೊಡೆಯಲು ಕಲಿಸಿದ. ೧೯೧೩ರಲ್ಲಿ ಅದು ಫೈಟಾಫ್ತೊರ ಅರೆಕೆ ಎಂಬ ಸ್ವತಂತ್ರ ಪ್ರಭೇದವಾಯಿತು. ಈಚಿನ ಅಧ್ಯಯನಗಳು ನಮ್ಮ ತೋಟಗಳಲ್ಲಿ ಫೈಟಾಫ್ತೊರ ಮೀಡಿಯೈ ಎಂಬುದನ್ನು ಗುರುತಿಸಿವೆ. ಅರೆಕ ಎಂಬುದೂ ನಮ್ಮ ಕಡೆಯದೇ: ಮಲಯಾಳದ ಅಡಯ್ಕ, ನಮ್ಮ ಅಡಕೆ, ಪೋರ್ಚುಗೀಸರ ಬಾಯಿಗೆ ಬಿದ್ದು ಲ್ಯಾಟಿನ್ ಸೇರಿತು.

ಎರಡನೆಯದು ಕಾಫಿಯದು. ಎಲೆ ಕಪ್ಪಾಗಿ ಕೊಳೆತು ಕಳಚಿದರೂ ನೆಲಕ್ಕೆ ಬೀಳದೆ ಶಿಲೀಂಧ್ರದ ಎಳೆಗಳಲ್ಲೇ ಜೋತಾಡುತ್ತದೆ. ಇಂಗ್ಲೆಂಡಿನ ಎಂ. ಸಿ. ಕುಕ್ ೧೮೭೬ರಲ್ಲಿ ಇದಕ್ಕೆ ಪೆಲಿಕ್ಯುಲೇರಿಯ ಕೊಳೆರೋಗ ಎಂದು ಹೆಸರಿಟ್ಟ. ಮಲೆನಾಡಿನ ತೋಟದ ಮಾತು ಹಾಗೇ ಶಾಸ್ತ್ರನಾಮವಾಯಿತು! ಡಚ್ ವಿದ್ವಾಂಸ ಡಾಂಕ್ ೧೯೫೮ರಲ್ಲಿ ಇನ್ನೂ ಒಂದು ಹೆಜ್ಜೆ ಹೋಗಿ ಜಾತಿಗೇ ಕೊಳೆರೋಗ ಎಂದು ಹೆಸರು ಕೊಟ್ಟು, ‘ಕೊಳೆರೋಗ ನಾಕ್ಸಿಯ’ ಎಂದ. ಆಮೇಲೆ ಅದನ್ನು ಸೆರಟೊಬೇಸಿಡಿಯಂಗೂ ರೈಜೋಕ್ಟೋನಿಯಕ್ಕೂ ಸೇರಿಸಿದರು. ಈಗ ನಮ್ಮ ಪದ ಉಳಿದಿರುವುದು ಹಳೆಯ ಪರ್ಯಾಯನಾಮಗಳ ಪಟ್ಟಿಯಲ್ಲಿ.

ಈ ಕಾಫಿಯ ಜೀವಿ ಪೀಠದ ಮನೆಯದು, ನಾಯಿಕೊಡೆಯ ನೆಂಟ. ಅಡಿಕೆಯದು ಶಿಲೀಂಧ್ರವೇ ಅಲ್ಲ. ಹೆಸರು ಒಂದೇ, ಹತ್ತಿರದ ಸಂಬಂಧವೇ ಇಲ್ಲ. ಹಾಗಂತ ಕೊಳೆರೋಗ ಎಂಬ ಮಾತು ತಪ್ಪೇ? ಅಲ್ಲ. ಅದು ಕೊಳೆಯುವಿಕೆಯ ಹೆಸರು. ಎರಡೂ ಕಡೆ ಕೊಳೆಯುವುದು ನಿಜ. ಅದನ್ನು ಜೀವಿಯ ಹೆಸರೆಂದುಕೊಂಡಾಗ ಮಾತ್ರ ತೊಡಕು.

೬. ಕಾವ್ಯನಾಮ ಮತ್ತು ಮನೆಯ ಹೆಸರು

ಅಪೂರ್ಣ ಶಿಲೀಂಧ್ರಗಳ ಕತೆ ಇನ್ನೂ ಸ್ವಾರಸ್ಯ. ಒಂದೇ ಜೀವಿಯ ಅಲೈಂಗಿಕ ಅವಸ್ಥೆಗೊಂದು, ಲೈಂಗಿಕ ಅವಸ್ಥೆಗೊಂದು ಹೆಸರಿಡುವುದಕ್ಕೆ ನಿಯಮವೇ ಅವಕಾಶ ಕೊಟ್ಟಿತ್ತು. ಭತ್ತದ ಬೆಂಕಿ ರೋಗದ್ದು ಒಂದು ಅವಸ್ಥೆಯಲ್ಲಿ ಪಿರಿಕ್ಯುಲೇರಿಯ, ಇನ್ನೊಂದರಲ್ಲಿ ಮ್ಯಾಗ್ನಪೋರ್ತೆ. ಕುವೆಂಪು ಎಂದರೂ ಕೆ. ವಿ. ಪುಟ್ಟಪ್ಪ ಎಂದರೂ ಒಬ್ಬರೇ ಎಂಬುದು ತಿಳಿಯದವನು ಗ್ರಂಥಾಲಯದಲ್ಲಿ ಇಬ್ಬರನ್ನು ಹುಡುಕುವ ಹಾಗೆ ಇದು. ೨೦೧೧ರಲ್ಲಿ ಮೆಲ್ಬರ್ನ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ಸಸ್ಯಶಾಸ್ತ್ರ ಸಮ್ಮೇಳನ ಈ ಪದ್ಧತಿಯನ್ನು ನಿಲ್ಲಿಸಿತು: ಒಂದು ಶಿಲೀಂಧ್ರಕ್ಕೆ ಒಂದೇ ಹೆಸರು. ಬೆಂಕಿ ರೋಗದ್ದಕ್ಕೆ ಪಿರಿಕ್ಯುಲೇರಿಯ ಎಂಬ ಹೆಸರನ್ನೇ ಉಳಿಸಬೇಕೆಂದು ಶಿಫಾರಸಾಯಿತು. ‘ಅಪೂರ್ಣ’ರ ಮನೆಯವರನ್ನೆಲ್ಲ ಅವರವರ ಬಳಗಕ್ಕೆ ಕಳಿಸುತ್ತಿದ್ದಾರೆ, ಬಹುಪಾಲು ಚೀಲದ ಮನೆಗೆ. ನಮ್ಮ ರೈತ ಮಾತ್ರ ಮೊದಲಿನಿಂದಲೂ ಬೆಂಕಿ ರೋಗ ಎಂದೇ ಹೇಳಿಕೊಂಡು ಬಂದ.

೭. ನಾವು ಮಾಡಬಹುದಾದದ್ದು

ಈವರೆಗೆ ವರ್ಣಿತವಾದ ಶಿಲೀಂಧ್ರಗಳು ಸುಮಾರು ಒಂದೂವರೆ ಲಕ್ಷ. ಇಷ್ಟಕ್ಕೂ ಕನ್ನಡದ ಹೆಸರು ಹುಟ್ಟಿಸಬೇಕೆಂಬ ಹಟ ನನಗಿಲ್ಲ. ಆಸ್ಕೊಮೈಕೋಟಕ್ಕೆ ಚೀಲ ಶಿಲೀಂಧ್ರ, ಬೇಸಿಡಿಯೊಮೈಕೋಟಕ್ಕೆ ಪೀಠ ಶಿಲೀಂಧ್ರ ಎಂದರೆ ಪಾಠ ಕೇಳುವವನಿಗೆ ಗುರುತು ಸಿಗುತ್ತದೆ, ಅಷ್ಟು ಸಾಕು. ಜಾತಿ-ಪ್ರಭೇದಗಳಿಗೆ ಲ್ಯಾಟಿನ್ ಹೆಸರೇ ಇರಲಿ, ಕನ್ನಡ ಲಿಪಿಯಲ್ಲಿ ಬರೆಯೋಣ. ಆದರೆ ಅನುವಾದಕ್ಕೆ ಕೂತಾಗ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಈ ಹೆಸರು ರೋಗದ್ದೋ, ಜೀವಿಯದೋ, ಬಳಗದ್ದೋ? ೨೦೨೧ರಲ್ಲಿ ಯಾರಾದರೂ ಇದನ್ನು ಕೇಳಿ ‘ಮ್ಯೂಕರ್ ರೋಗ’ ಎಂದೋ, ರೈತರ ಜಾಡಿನಲ್ಲಿ ‘ಮೂಗುಕೊಳೆ ರೋಗ’ ಎಂದೋ ಬರೆದಿದ್ದರೆ, ಈರುಳ್ಳಿ ಮನೆಯಲ್ಲೇ ಇರುತ್ತಿತ್ತು. ಮೂಗು ಕಟ್ಟಿ ಕೆನ್ನೆ ನೋಯುತ್ತಿದ್ದವರು ಎರಡು ದಿನ ಮೊದಲೇ ವೈದ್ಯರ ಹತ್ತಿರ ಹೋಗುತ್ತಿದ್ದರೋ ಏನೋ.

ರಜೆಗೆ ಊರಿಗೆ ಹೋಗುವವರು, ಬೀದರಾಗಲಿ ರಾಯಚೂರಾಗಲಿ ಮಲೆನಾಡಾಗಲಿ, ಅಣಬೆ, ಬೂಷ್ಟು, ಬೆಳೆರೋಗಗಳಿಗೆ ನಿಮ್ಮ ಮನೆಯಲ್ಲಿ ಏನೆನ್ನುತ್ತಾರೆಂಬುದನ್ನು ಬರೆದು ತನ್ನಿ. ಜತೆಗೆ ಆ ಹೆಸರು ಏನನ್ನು ಕಂಡು ಇಟ್ಟದ್ದೆಂಬುದನ್ನೂ ಕೇಳಿ ಬರೆಯಿರಿ. ಬಳಗದ ಮುಂದಿನ ಸಂಚಿಕೆಯಲ್ಲಿ ಪಟ್ಟಿ ಮಾಡೋಣ.